ವಾಲಗದವರ ಮನೆತನ

ಮೂಡಿಗೆರೆಯಿಂದ ದೇವರಮನೆಗೆ ಹೋಗುವ ದಾರಿ ಬಹುದೂರ ಕಾಫಿತೋಟಗಳ ನೆರಳಿನಲ್ಲಿಯೇ ಸಾಗುತ್ತದೆ. ಗುತ್ತಿಯನ್ನು ದಾಟಿದ ಮೇಲೆ ಮರಗಳು ಒಂದೊಂದಾಗಿ ಹಿಂದುಳಿದು, ಹುಲ್ಲುಗುಡ್ಡಗಳು ಎದುರಾಗುತ್ತವೆ. ಅವುಗಳ ಮಡಿಲಲ್ಲಿ ಕಾಲಭೈರವೇಶ್ವರನ ಗುಡಿ. ಅಲ್ಲಿಂದ ಆಚೆಗೆ ಭೂಮಿ ಕಡಿದಾಗಿ ಇಳಿದು ಕರಾವಳಿಯ ಕಡೆಗೆ ಹೋಗಿಬಿಡುತ್ತದೆ. ಕಳೆದ ವೈಶಾಖದ ಒಂದು ಬೆಳಗ್ಗೆ ನಾನು ಅಲ್ಲಿಗೆ ಹೋದಾಗ ಮಂಜು ಗುಡಿಯ ಮೆಟ್ಟಿಲವರೆಗೆ ಬಂದು ಕುಳಿತಿತ್ತು. ಹತ್ತು ಮಾರು ದೂರದ ಮನುಷ್ಯ ಕಾಣುತ್ತಿರಲಿಲ್ಲ. ಆ ಬಿಳುಪಿನ ಒಳಗಿನಿಂದ ತೋಡಿರಾಗದ ಒಂದು ಆಲಾಪನೆ ಮೆಲ್ಲನೆ ಎದ್ದು ಬಂದಿತು. ಊದುತ್ತಿದ್ದುದು ನಾಗಸ್ವರವಲ್ಲ, ಸ್ಯಾಕ್ಸೋಫೋನು.

ಯಾರೋ ಹರಕೆ ತೀರಿಸಲು ಬಂದ ಕುಟುಂಬದವರು ಘಟ್ಟದ ಕೆಳಗಿನಿಂದ ವಾಲಗದವರನ್ನು ಕರೆಸಿದ್ದರು. ಐದು ಜನರ ಮೇಳ. ಊದುವವರು ಅರವತ್ತು ದಾಟಿದ ಹಿರಿಯರು, ಡೋಲಿಗೆ ಅವರ ಅಣ್ಣನ ಮಗ, ಶ್ರುತಿಗೆ, ತಾಳಕ್ಕೆ ಅದೇ ಮನೆಯ ಇನ್ನಿಬ್ಬರು, ಐದನೆಯವನು ನೆಂಟ. ನನ್ನ ಜೊತೆಗಿದ್ದ ನಿವೃತ್ತ ಅಧ್ಯಾಪಕ ಮಿತ್ರರು ಸ್ವಲ್ಪ ಹೊತ್ತು ಕೇಳಿ, ಹುಬ್ಬು ಗಂಟಿಕ್ಕಿ, "ಅಲ್ರೀ, ಭೈರವನ ಮುಂದೆ ಈ ಹಿತ್ತಾಳೆ ಕೊಳವೆ ಏನು ಚೆಂದ? ನಾಗಸ್ವರ ಎಲ್ಲಿ ಹೋಯ್ತು?" ಎಂದರು. ಅವರ ಮಾತನ್ನು ನಾನು ಆಗ ಖಂಡಿಸಲಿಲ್ಲ. ಗುಡಿಯ ಅಂಗಳ ಚರ್ಚೆಗೆ ತಕ್ಕ ಸ್ಥಳವಲ್ಲ. ಆದರೆ ಆ ಪ್ರಶ್ನೆ ಮನೆಯವರೆಗೂ ನನ್ನೊಡನೆ ಬಂದಿತು, ಇನ್ನೂ ಹೋಗಿಲ್ಲ.

ಮಿತ್ರರ ಪ್ರಶ್ನೆಯಲ್ಲಿ ಅರ್ಧ ನಿಜವಿದೆ. ಸ್ಯಾಕ್ಸೋಫೋನು ನಮ್ಮದಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ನಿರ್ಮಿಸಿ, 1846ರಲ್ಲಿ ಪ್ಯಾರಿಸಿನಲ್ಲಿ ತನ್ನ ಹಕ್ಕನ್ನು ನೋಂದಾಯಿಸಿಕೊಂಡ ವಾದ್ಯ ಅದು. ಆದರೆ ಅದೇ ಮಿತ್ರರು ಸಂಜೆಯ ಕಚೇರಿಯಲ್ಲಿ ಪಿಟೀಲನ್ನು ಕಣ್ಣುಮುಚ್ಚಿ ಕೇಳುತ್ತಾರೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಯುರೋಪಿಯನ್ನರ ಕೈಯಿಂದ ಅದನ್ನು ನಮ್ಮ ಮಡಿಲಿಗೆ ತಂದು ಇನ್ನೂರು ವರ್ಷಗಳಾದವು ಅಷ್ಟೆ. ಇನ್ನು ಹಾರ್ಮೋನಿಯಂ. ನಮ್ಮ ವೃತ್ತಿನಾಟಕಗಳಿಗೂ ಭಜನೆಯ ಮಂದಿರಗಳಿಗೂ ಉಸಿರಾದ ಆ ಪೆಟ್ಟಿಗೆಯನ್ನು ಆಕಾಶವಾಣಿ 1940ರಿಂದ 1971ರವರೆಗೆ ತನ್ನ ಬಾಗಿಲ ಒಳಗೆ ಬಿಡಲಿಲ್ಲ. ಆಕಾಶವಾಣಿ ಬಿಡಲಿಲ್ಲವೆಂದು ಯಾವ ಹಳ್ಳಿಯ ಭಜನೆಯೂ ನಿಲ್ಲಲಿಲ್ಲ. ವಾದ್ಯದ ಜಾತಕವನ್ನು ನೋಡುವ ಚಪಲ ಪಂಡಿತರಿಗಿದೆಯೇ ಹೊರತು, ಊದುವವರಿಗೂ ಕೇಳುವವರಿಗೂ ಅಷ್ಟಾಗಿ ಇಲ್ಲ.

ಪೂಜೆ ಮುಗಿದು ಮಂಜು ಸ್ವಲ್ಪ ಸರಿದಾಗ ಆ ಹಿರಿಯರೊಡನೆ ಕುಳಿತು ಮಾತನಾಡಿದೆ. ಮನೆಮಾತು ತುಳು, ನನ್ನೊಡನೆ ಆಡಿದ್ದು ಅವರ ಕಡೆಯ ಕನ್ನಡ. "ನಮ್ಮ ಅಪ್ಪ ಊದಿದ್ದು ನಾಗಸ್ವರವೇ. ಅದು ಮನೆಯಲ್ಲಿ ಉಂಟು, ದೇವರ ಕೋಣೆಯಲ್ಲಿ. ನಾನೂ ಹದಿನೈದು ವರ್ಷ ಅದನ್ನೇ ಊದಿದ್ದು. ಮತ್ತೆ ಮದುವೆಯವರು ಸ್ಯಾಕ್ಸೋಫೋನು ಉಂಟಾ ಅಂತ ಕೇಳ್ಲಿಕ್ಕೆ ಸುರು ಮಾಡಿದರು. ಊದುವ ರಾಗ ಅದೇ ಅಲ್ವಾ, ಧನಿಗಳೇ?" ಎಂದರು. ನನ್ನನ್ನು ಧನಿಗಳೇ ಎಂದು ಕರೆಯಲು ಕಾರಣವೇನೂ ಇರಲಿಲ್ಲ. ನನಗೆ ಎರಡೆಕರೆ ತೋಟವಿದೆ, ಅಷ್ಟೆ. ಆದರೆ ಘಟ್ಟದ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡುವವರೆಲ್ಲ ಧನಿಗಳೆಂದು ಅವರ ತಂದೆ ಹೇಳಿಕೊಟ್ಟಿರಬೇಕು. ಈ ಮಾತಿಗೆ ಮುಂದೆ ಬರುತ್ತೇನೆ.

ಮದುವೆಯವರು ಸ್ಯಾಕ್ಸೋಫೋನನ್ನು ಕೇಳಲಾರಂಭಿಸಿದ್ದಕ್ಕೆ ಕಾರಣರಾದವರು ಒಬ್ಬರೇ ಎಂದರೆ ಅತಿಶಯೋಕ್ತಿಯಾಗದು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರದ ವಿದ್ವಾಂಸರು. ಹುಡುಗನೂ ಅದನ್ನೇ ಹಿಡಿಯಬೇಕಿತ್ತು, ಹಿಡಿದದ್ದೂ ಉಂಟು. ಆದರೆ ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿದ ಮೇಲೆ ಮನಸ್ಸು ಹಿಂದಿರುಗಲಿಲ್ಲ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಆಮೇಲೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತರು. ವಾದ್ಯ ಕೈವಶವಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಇಪ್ಪತ್ತು ವರ್ಷವೇಕೆ ಎಂದು ವಾಚಕರು ಕೇಳಬಹುದು. ನಾಗಸ್ವರದ ಮೈಮೇಲಿರುವುದು ತೆರೆದ ರಂಧ್ರಗಳು. ಬೆರಳನ್ನು ಅರ್ಧ ಸರಿಸಿದರೆ ಅರ್ಧ ಸ್ವರ, ಕೂದಲೆಳೆಯಷ್ಟು ಸರಿಸಿದರೆ ಅಷ್ಟೇ. ಬಾಯಿಗಿಡುವ ಜೊಂಡಿನ ನಾಲಿಗೆಯೂ ಉಸಿರಿನ ಒತ್ತಡಕ್ಕೆ ತಕ್ಕಂತೆ ಬಾಗುತ್ತದೆ. ಗಮಕವೆಂಬುದು ಅದರ ಸ್ವಭಾವದಲ್ಲಿಯೇ ಇದೆ. ಸ್ಯಾಕ್ಸೋಫೋನಿನಲ್ಲಿ ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ. ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಕೀಲಿ ಒಂದೋ ಮುಚ್ಚುತ್ತದೆ, ಇಲ್ಲವೆ ತೆರೆಯುತ್ತದೆ. ಎರಡು ಸ್ವರಗಳ ನಡುವಣ ಜಾರುದಾರಿಯನ್ನು ತುಟಿಯಿಂದಲೂ ಉಸಿರಿನಿಂದಲೂ ಕಟ್ಟಿಕೊಳ್ಳಬೇಕು. ಒಂದು ತೋಡಿಯ ಗಾಂಧಾರವನ್ನು ಆ ಯಂತ್ರದಿಂದ ತೆಗೆಯಬೇಕಾದರೆ, ಮನೆಯಲ್ಲಿ ತೊಟ್ಟಿಲಿನಿಂದ ತೋಡಿಯನ್ನು ಕೇಳಿದ ಕಿವಿಯಿರಬೇಕು. ಅರಮನೆಯ ಬ್ಯಾಂಡಿನವರಿಗೆ ವಾದ್ಯವಿತ್ತು. ತನಿಯಪ್ಪನವರ ಮಗನಿಗೆ ಆ ಕಿವಿ ಇತ್ತು.

ಮುಂದಿನ ಕಥೆ ಎಲ್ಲರಿಗೂ ಗೊತ್ತು. 1980ರ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯೊಡನೆ ನುಡಿಸಿದ್ದು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಉತ್ಸವ, 2004ರ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಮಗ ಮಣಿಕಾಂತ್ ಕದ್ರಿ ಚಲನಚಿತ್ರ ಸಂಗೀತದಲ್ಲಿ ಹೆಸರು ಮಾಡಿದ್ದಾರೆ. ಶಿಷ್ಯೆಯರಾದ ಎಂ. ಎಸ್. ಲಾವಣ್ಯ, ಎಂ. ಎಸ್. ಸುಬ್ಬಲಕ್ಷ್ಮಿ ಸೋದರಿಯರು ಗಂಡಸರದೇ ಎನಿಸಿಕೊಂಡಿದ್ದ ಈ ವಾದ್ಯವನ್ನು ಕಚೇರಿಯ ವೇದಿಕೆಯಲ್ಲಿ ಹಿಡಿದರು. ಇನ್ನೊಂದು ಸಂಗತಿ ನನಗೆ ವಿಶೇಷ ಪ್ರಿಯವಾದುದು. ಅಮೆರಿಕದ ಕೊಲರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಜಾಜ್ ವಾದಕರಿದ್ದಾರೆ. ಹೆಸರೇ ಊರನ್ನು ಹೇಳುತ್ತದೆ. ಅವರು ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನಂತೆ. ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. 2008ರಲ್ಲಿ ಇಬ್ಬರೂ ಒಡಗೂಡಿ ಹೊರತಂದ ಸಂಗೀತಕ್ಕೆ 'ಬಂಧುಗಳು' ಎಂಬರ್ಥದ ಇಂಗ್ಲಿಷ್ ಹೆಸರಿಟ್ಟರು.

ಬಂಧುತ್ವದ ಮಾತು ಬಂದುದರಿಂದ ಇಂಥದೇ ಇನ್ನೊಂದು ಮನೆತನವನ್ನು ಇಲ್ಲಿ ನೆನೆಯಬೇಕು. ಅದು ಇರುವುದು ಅಮೆರಿಕದ ದಕ್ಷಿಣದಲ್ಲಿ, ಲೂಸಿಯಾನ ಎಂಬ ಪ್ರಾಂತ್ಯದ ಗದ್ದೆಬಯಲುಗಳಲ್ಲಿ. ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರು, ಅವರನ್ನು ಆಳಿದ ಫ್ರೆಂಚರು, ಸ್ಪ್ಯಾನಿಷರು, ಮೂಲನಿವಾಸಿಗಳು, ಇವರೆಲ್ಲರ ರಕ್ತ ಕೂಡಿದ ಜನರು ಅಲ್ಲಿ ಕ್ರಿಯೋಲರು. ಅವರ ಮನೆಮಾತು ಬೆರಕೆ ಫ್ರೆಂಚ್. 1921ರ ಪ್ರಾಂತ್ಯ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆಯಾಯಿತು. (ಈ ಶಿಕ್ಷೆಯ ಪರಿಚಯ ನಮ್ಮ ಕೆಲವು ಶಾಲೆಗಳ ಮಕ್ಕಳಿಗೂ ಇಲ್ಲದೆ ಇಲ್ಲ.) ಆ ಜನ ವಿಯೆನ್ನಾದಲ್ಲಿ 1829ರಲ್ಲಿ ನೋಂದಣಿಯಾದ ಅಕಾರ್ಡಿಯನ್ ಎಂಬ ತಿದಿವಾದ್ಯವನ್ನು ತಮ್ಮದಾಗಿಸಿಕೊಂಡರು. ಅದು ನಮ್ಮ ಹಾರ್ಮೋನಿಯಮ್ಮಿನ ಹತ್ತಿರದ ನೆಂಟ. ವಾರವಿಡೀ ದುಡಿದು, ಶನಿವಾರ ರಾತ್ರಿ ಒಬ್ಬರ ಮನೆಯ ಸಾಮಾನುಗಳನ್ನೆಲ್ಲ ಅಂಗಳಕ್ಕೆ ಸಾಗಿಸಿ, ಆ ಖಾಲಿ ಕೋಣೆಯಲ್ಲಿ ಕುಣಿಯುತ್ತಿದ್ದರು. ಆ ಕುಣಿತದ ಸಂಗೀತವೇ ಮುಂದೆ ಜೈಡಿಕೋ ಎನಿಸಿತು. ಹುರುಳಿಕಾಯಿಗೆ ಅವರು ಹೇಳುವ ಹೆಸರಿನಿಂದ ಆ ಪದ ಬಂದಿತಂತೆ. ಕಾಯಿಯೊಡನೆ ಬೇಯಿಸಲು ಉಪ್ಪುಹಾಕಿದ ಮಾಂಸದ ತುಂಡು ಸಹ ಇಲ್ಲವೆಂಬುದು ಬಡತನವನ್ನು ಕುರಿತ ಅವರ ಒಂದು ಮಾತು.

ಅಮೆಡೆ ಆರ್ಡ್ವಾನ್ ಎಂಬಾತ ಆ ಸಂಗೀತದ ಮೂಲಪುರುಷರಲ್ಲೊಬ್ಬ. 1898ರಲ್ಲಿ ಹುಟ್ಟಿದ ಕರಿಯ. 1929ರಲ್ಲಿ ಡೆನಿಸ್ ಮೆಗೀ ಎಂಬ ಬಿಳಿಯ ಪಿಟೀಲುವಾದಕನ ಜೊತೆಗೆ ಕುಳಿತು ಧ್ವನಿಮುದ್ರಿಕೆ ಕೊಟ್ಟ. ಬಿಳಿಯರ ಮನೆಯ ನೃತ್ಯಕೂಟಗಳಿಗೆ ಅವನೇ ಬೇಕು. ಕುಣಿಯುವವರ ಸಮಕ್ಕೆ ನಿಲ್ಲಲು ಮಾತ್ರ ಅವನು ಬೇಡ. ಒಂದು ರಾತ್ರಿ ನುಡಿಸುತ್ತ ಬೆವರಿದಾಗ ಮನೆಯೊಡತಿಯ ಕಡೆಯ ಬಿಳಿಯ ಹೆಣ್ಣುಮಗಳೊಬ್ಬಳು ಮುಖ ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳೆಂದೂ, ಅದನ್ನು ತೆಗೆದುಕೊಂಡ ಅಪರಾಧಕ್ಕಾಗಿ ದಾರಿಯಲ್ಲಿ ಅಡ್ಡಗಟ್ಟಿ ಅವನನ್ನು ಬಡಿದರೆಂದೂ ಅಲ್ಲಿಯವರು ಹೇಳುತ್ತಾರೆ. 1942ರಲ್ಲಿ ಅವನು ತೀರಿಕೊಂಡದ್ದು ಪೈನ್‌ವಿಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ. ಸಮಾಧಿಯ ಗುರುತು ಸಹ ಉಳಿಯಲಿಲ್ಲ. 2018ರಲ್ಲಿ ಆಪಲೂಸಸ್ ಎಂಬ ಊರಿನಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು.

ಮನೆತನ ಅಲ್ಲಿಗೆ ನಿಲ್ಲಲಿಲ್ಲ. ಅಮೆಡೆಯ ಜೊತೆ ಬಾಲ್ಯದಲ್ಲಿ ತ್ರಿಕೋನದ ಕಬ್ಬಿಣವನ್ನು ಬಡಿಯುತ್ತಿದ್ದ ದಾಯಾದಿ ಆಲ್ಫೋನ್ಸ್ ಆರ್ಡ್ವಾನ್ 2007ರವರೆಗೆ ಬದುಕಿ, ಮಕ್ಕಳ ಮೇಳವನ್ನೇ ಕಟ್ಟಿದ. ಮೊಮ್ಮಕ್ಕಳು ಇಂದಿಗೂ ನುಡಿಸುತ್ತಾರೆ. ಅವನಿಗೆ ಊರವರು ಇಟ್ಟ ಅಡ್ಡಹೆಸರು 'ಒಣಕಟ್ಟಿಗೆ'. ಮಳೆ ಬಂದರೆ ಗದ್ದೆಯಿಂದ ಎಲ್ಲರಿಗಿಂತ ಮೊದಲು ಓಡಿ ಕೊಟ್ಟಿಗೆ ಸೇರುತ್ತಿದ್ದನಂತೆ. ನಮ್ಮ ಮಲೆನಾಡಿನ ಮಳೆಯಲ್ಲಿ ಈ ಹೆಸರು ಉಳಿಸಿಕೊಳ್ಳುವುದು ಅವನಿಗೂ ಕಷ್ಟವಾಗುತ್ತಿತ್ತು! ಇನ್ನೊಂದು ಮನೆ ಕ್ಲಿಫ್ಟನ್ ಶೆನಿಯೇ ಅವರದು. ಹಳೆಯ ಗುಂಡಿಯ ಅಕಾರ್ಡಿಯನ್ನಿನಲ್ಲಿ ಕರಿಯರ ಬ್ಲೂಸ್ ಹಾಡಿನ ಸ್ವರಗಳು ಸಿಕ್ಕುವುದಿಲ್ಲವೆಂದು ಆತ ಪಿಯಾನೊ ಮೆಟ್ಟುಗಳ ಅಕಾರ್ಡಿಯನ್ನನ್ನು ಹಿಡಿದ. ಅಣ್ಣ ಕ್ಲೀವ್ಲೆಂಡ್ ಬಟ್ಟೆ ಒಗೆಯುವ ಏಣುತಗಡನ್ನು ಎದೆಗೆ ನೇತುಹಾಕಿಕೊಂಡು ತಾಳ ಹಾಕಿದ. ಆ ತಗಡಿಗೆ ಭುಜದ ಮೇಲೆ ಕೂರುವ ಅಂಗಿಯಂಥ ಆಕಾರ ಬಂದುದು 1946ರಲ್ಲಿ, ಕ್ಲಿಫ್ಟನ್ನನೇ ಕಮ್ಮಾರನಿಗೆ ನೆಲದ ಮೇಲೆ ಗೆರೆ ಎಳೆದು ತೋರಿಸಿದ ಮೇಲೆ. 1987ರಲ್ಲಿ ಅವನು ಕಾಲವಾದ ನಂತರ ಮೇಳವನ್ನು ನಡೆಸಿದವನು ಮಗ.

ಆಫ್ರಿಕದ ರಕ್ತ, ಬೆರಕೆಯ ಮಾತು, ಮನೆಯ ಕುಣಿತ ಇವನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇದೇ ಪಶ್ಚಿಮಘಟ್ಟದ ಸಾಲಿನಲ್ಲಿ ಬಡಗಣಕ್ಕೆ, ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರಲ್ಲಿ ಹಲವರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರು. ಕೊಂಕಣಿ, ಮರಾಠಿ, ಕನ್ನಡಗಳು ಬೆರೆತ ಮಾತು. ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರಿಗೂ ಒಂದೇ ಡಮಾಮಿಯ ಡೋಲು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮನ್ನಣೆ ಸಿಕ್ಕಿತು. ಉತ್ಸವಗಳ ಮೆರವಣಿಗೆಯಲ್ಲಿ ನಾವು ಅವರನ್ನು ಕುಣಿಸುತ್ತೇವೆ. ಡಮಾಮಿ ಬಾರಿಸಿದವರ ಹೆಸರನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನಾನೂ ಕೇಳಲಿಲ್ಲ.

ಇಷ್ಟನ್ನೆಲ್ಲ ಹೇಳಿದ್ದು ಒಂದು ಮಾತಿಗಾಗಿ. ನನ್ನ ಮಿತ್ರರು ದೇವರಮನೆಯಲ್ಲಿ ನಾಗಸ್ವರಕ್ಕಾಗಿ ಮರುಗಿದರು. ಮರುಗಬೇಕಾದ ಸಂಗತಿ ಬೇರೆ ಇತ್ತು, ಅದು ಅವರ ಕಣ್ಣಮುಂದೆಯೇ ಡೋಲು ಹಿಡಿದು ನಿಂತಿತ್ತು. ವಾದ್ಯ ಬದಲಾದರೂ ಆ ಮನೆಯ ಸಂಗೀತ ಉಳಿಯಿತು. ಬದಲಾದುದರಿಂದಲೇ ಉಳಿಯಿತು ಎಂದರೂ ತಪ್ಪಲ್ಲ. ಮನೆಯೇ ವಾದ್ಯವನ್ನು ಕೆಳಗಿಟ್ಟರೆ ಉಳಿಯುವುದೇನು? ಆ ಹುಡುಗನ ವಿಷಯ ಕೇಳಿದೆ. "ಇವನು ಮಂಗಳೂರಲ್ಲಿ ಡಿಪ್ಲೊಮಾ ಓದ್ತಾನೆ. ರಜೆ ಅಂತ ಬಂದದ್ದು. ಇನ್ನು ಬರುವುದಿಲ್ಲ ಹೇಳ್ತಾನೆ," ಎಂದರು ಹಿರಿಯರು. ಸ್ವರದಲ್ಲಿ ದೂರು ಇರಲಿಲ್ಲ. ಹುಡುಗ ನಕ್ಕು, "ಅಲ್ಲಿ ಕೆಲಸಕ್ಕೆ ಸೇರಿದರೆ ಕುರ್ಚಿ ಕೊಡ್ತಾರೆ ಸಾರ್," ಎಂದ.

ಕುರ್ಚಿಯ ಮಾತು ನನಗೆ ನಾಟಿತು. ಹಿಂದಿನ ಚಳಿಗಾಲದಲ್ಲಿ ನಮ್ಮ ಕಡೆಯ ಒಂದು ದೊಡ್ಡ ಮದುವೆಗೆ ಹೋಗಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ಪುರೋಹಿತರ ಹೆಸರಿತ್ತು, ಛಾಯಾಗ್ರಾಹಕರ ಹೆಸರಿತ್ತು, ಅಡುಗೆಯವರ ಹೆಸರು ದಪ್ಪ ಅಕ್ಷರದಲ್ಲಿತ್ತು. ವಾದ್ಯದವರಿಗೆ 'ಮಂಗಳವಾದ್ಯ' ಎಂಬ ಪದವೂ ಇರಲಿಲ್ಲ. ಛತ್ರದಲ್ಲಿ ಅವರಿಗೆ ಹಾಸಿದ್ದು ಚಪ್ಪಲಿಗಳನ್ನು ಬಿಡುವ ಬಾಗಿಲ ಪಕ್ಕದ ಜಮಖಾನ. ಹಿಂದೋಳವನ್ನು ಒಂದು ಹದಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಯಾರೋ ಯುವಕರು ಧ್ವನಿವರ್ಧಕದಲ್ಲಿ ಸಿನಿಮಾ ಹಾಡನ್ನು ಹಾಕಿದರು. ಊದುತ್ತಿದ್ದವರು ಬಾಯಿಂದ ವಾದ್ಯವನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕಾದರು. ಮುಹೂರ್ತದ ಹೊತ್ತಿಗೆ ಮಾತ್ರ "ವಾಲಗ! ವಾಲಗ!" ಎಂದು ಎಲ್ಲರೂ ಕೂಗಿದರು. ಊಟಕ್ಕೆ ಅವರು ಕುಳಿತದ್ದು ಕಡೆಯ ಪಂಕ್ತಿಯಲ್ಲಿ, ಪಾತ್ರೆ ತೊಳೆಯುವವರ ಜೊತೆಗೆ. ಇದಾವುದನ್ನೂ ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನಾನೂ ಅಲ್ಲಿದ್ದೆ, ಮೊದಲ ಪಂಕ್ತಿಯಲ್ಲಿ ಉಂಡು ಎದ್ದೆ.

ದೇವಸ್ಥಾನಗಳ ಸ್ಥಿತಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಕರಾವಳಿಯಲ್ಲಿ ದೇವಾಡಿಗರೇ ಮೊದಲಾದ ಮನೆಗಳು ತಲೆಮಾರುಗಳಿಂದ ದೇವರ ಮುಂದೆ ವಾದ್ಯಸೇವೆ ನಡೆಸಿಕೊಂಡು ಬಂದವು. ಉತ್ಸವಬಲಿಗೂ ಭೂತಕೋಲಕ್ಕೂ ಅವರಿಲ್ಲದೆ ಹೆಜ್ಜೆ ಏಳದು. ಅದಕ್ಕೆ ಪ್ರತಿಯಾಗಿದ್ದ ಉಂಬಳಿಯ ಕಾಲ ಹೋಯಿತು. ಈಗ ಘಟ್ಟದ ಮೇಲೂ ಕೆಳಗೂ ಎಷ್ಟೋ ಗುಡಿಗಳಲ್ಲಿ ಮಹಾಮಂಗಳಾರತಿಗೆ ಗುಂಡಿ ಒತ್ತಿದರೆ ನಗಾರಿ, ಜಾಗಟೆ, ಗಂಟೆ ಮೂರೂ ತಮ್ಮಷ್ಟಕ್ಕೆ ಬಡಿದುಕೊಳ್ಳುವ ವಿದ್ಯುತ್ ಯಂತ್ರ ಬಂದಿದೆ. ಅದಕ್ಕೆ ಸಂಬಳವಿಲ್ಲ, ಸೂತಕವಿಲ್ಲ, ಪ್ರಸಾದವೂ ಬೇಡ. ವಿದೇಶದ ಸ್ಯಾಕ್ಸೋಫೋನು ಭೈರವನ ಮುಂದೆ ಬಂದಿತೆಂದು ನೊಂದುಕೊಳ್ಳುವವರು ಈ ಯಂತ್ರದ ಮುಂದೆ ಕೈಮುಗಿದು ನಿಲ್ಲುತ್ತಾರಲ್ಲ, ಅದು ನನಗೆ ತಿಳಿಯದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಮನೆತನದ ವಿದ್ಯೆ ಎಂದು ಹೊಗಳುವುದು ಜಾತಿಯ ಕಟ್ಟನ್ನೇ ಹೊಗಳಿದಂತಲ್ಲವೆ? ಆ ಹುಡುಗ ಡಿಪ್ಲೊಮಾ ಬಿಟ್ಟು ಡೋಲು ಹೊರಲಿ ಎನ್ನುವ ಅಧಿಕಾರ ನನಗೆಲ್ಲಿಂದ ಬಂತು? ಖಂಡಿತವಾಗಿಯೂ ಇಲ್ಲ. ಅಮೆಡೆಯ ಅಕಾರ್ಡಿಯನ್ ಬೇಕು, ಅವನ ಬೆವರು ಒರೆಸಿದ ಬಟ್ಟೆ ಮಾತ್ರ ಮೈಲಿಗೆ ಎಂದವರ ಸಾಲಿನಲ್ಲಿ ನಿಲ್ಲಲು ನನಗೆ ಇಷ್ಟವಿಲ್ಲ. ಹುಡುಗ ಎಂಜಿನಿಯರಾಗಲಿ. ನಾನು ಕೇಳುವುದು ಇಷ್ಟೇ: ಅವನು ಡೋಲನ್ನು ಕೆಳಗಿಡುವುದು ತನಗೆ ಅದು ಬೇಡವೆಂದೋ, ನಾವು ಅವನನ್ನು ಜಮಖಾನದ ಮೇಲೆ ಕೂರಿಸಿದೆವೆಂದೋ? ಮೊದಲನೆಯದಾದರೆ ಅದು ಅವನ ಸ್ವಾತಂತ್ರ್ಯ. ಎರಡನೆಯದಾದರೆ ಲೆಕ್ಕ ನಮ್ಮ ಹೆಸರಿಗೆ ಬರುತ್ತದೆ. ಗೋಪಾಲನಾಥರು ಅಂಗಳದಿಂದ ವೇದಿಕೆಗೆ ಏರಿದರು. ವಾಲಗದವರು ಎಂಬ ಪದ ಕಳಚಿ ವಿದ್ವಾಂಸರು ಎಂಬ ಪದ ಬಂತು. ಅದೇ ರಾಗವನ್ನು ಅಂಗಳದಲ್ಲಿಯೇ ನಿಂತು ಊದಿದವರಿಗೆ ಆ ಪದ ಏಕೆ ಇಲ್ಲ? ವೇದಿಕೆಯ ಎತ್ತರ ಎರಡು ಮೊಳ.

ದೊಡ್ಡ ಯೋಜನೆಗಳನ್ನು ಸೂಚಿಸುವ ಶಕ್ತಿ ನನಗಿಲ್ಲ. ಅಕಾಡೆಮಿಗಳಿವೆ, ಮುಜರಾಯಿ ಇಲಾಖೆಯಿದೆ, ಬೇಕೆಂದರೆ ಅವು ದಾರಿ ಕಾಣಬಲ್ಲವು. ಗುಂಡಿಯ ಯಂತ್ರಕ್ಕೆ ಕೊಡುವ ಹಣದಲ್ಲಿ ಒಬ್ಬ ವಾದಕನಿಗೆ ಎಷ್ಟು ದಿನದ ಸಂಭಾವನೆಯಾಗುತ್ತದೆಂದು ಪ್ರತಿ ಗುಡಿಯ ಸಮಿತಿಯೂ ಒಮ್ಮೆ ಗುಣಿಸಿ ನೋಡಬಹುದು. ನನ್ನ ಕೈಯಲ್ಲಿದ್ದುದನ್ನು ನಾನು ಮಾಡಿದ್ದೇನೆ. ಬರುವ ಮಾಘದಲ್ಲಿ ತಂಗಿಯ ಮಗಳ ಮದುವೆ. ದೇವರಮನೆಯ ಆ ಮೇಳದವರನ್ನೇ ಹೇಳಿದ್ದೇವೆ. ಆಮಂತ್ರಣದ ಕರಡಿನಲ್ಲಿ 'ಮಂಗಳವಾದ್ಯ' ಎಂದು ಬರೆದು, ಅದರ ಕೆಳಗೆ ಹಿರಿಯರ ಹೆಸರನ್ನೂ ಊರನ್ನೂ, 'ಮತ್ತು ಮನೆಯವರು' ಎಂಬುದನ್ನೂ ಸೇರಿಸಿದೆ. ಭಾವನವರು ನೋಡಿ, "ಇದೆಲ್ಲ ಯಾಕೆ, ಯಾರಾದರೂ ನಗ್ತಾರೆ," ಎಂದರು. ತಂಗಿ ಏನೂ ಹೇಳಲಿಲ್ಲ. ಮೂಡಿಗೆರೆಯ ಮುದ್ರಣಾಲಯದವನು ಯಾವ ಅಳತೆಯ ಅಕ್ಷರ ಹಾಕಲಿ ಎಂದು ಕೇಳಿದ. ಪುರೋಹಿತರ ಹೆಸರಿಗೆ ಯಾವುದೋ ಅದೇ ಎಂದು ಹೇಳಿ ಬಂದಿದ್ದೇನೆ. ಹೆಸರಿನ ಕಾಗುಣಿತ ಸರಿಯಾಗಿರಲೆಂದು ಹಿರಿಯರಿಗೆ ಫೋನು ಮಾಡಿದರೆ ಅವರು ಒಂದು ಕ್ಷಣ ಮಾತನಾಡಲಿಲ್ಲ. ಆಮೇಲೆ, "ಅಪ್ಪನ ಹೆಸರೂ ಹಾಕ್ಲಿಕ್ಕೆ ಆಗ್ತದಾ ಧನಿಗಳೇ?" ಎಂದು ಕೇಳಿದರು. ಜಾಗವಿದೆ ಎಂದೆ.